ಕಟ್ಟಿರುವೆಯ ಮೀಸೆ

ಕೊರೊನಾ ಕಾಟ ಮುಗಿದು ಎರಡನೆಯ ವರ್ಷ. ಕುಂದಾಪುರದ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ನಾನು ಆಪ್ಟೋಮೆಟ್ರಿಸ್ಟ್ ಆಗಿದ್ದೆ. ಅಂದರೆ ದೃಷ್ಟಿ ಪರೀಕ್ಷಿಸಿ ಕನ್ನಡಕದ ನಂಬರು ಹೇಳುವವಳು. ನಾನು ಡಾಕ್ಟರಲ್ಲ ಎಂದು ಎಷ್ಟು ಸಲ ಹೇಳಿದರೂ ನಮ್ಮ ಕಡೆಯವರು ಕೇಳುವುದಿಲ್ಲ. ಕಣ್ಣಿಗೆ ಟಾರ್ಚ್ ಬಿಟ್ಟವರೆಲ್ಲ ಅವರಿಗೆ ಡಾಕ್ಟರೇ. ಈಗ ನಿವೃತ್ತಳಾಗಿದ್ದೇನೆ, ಆ ಜಗಳವನ್ನೂ ಬಿಟ್ಟಿದ್ದೇನೆ.

ಆ ವರ್ಷದ ಜನವರಿಯಲ್ಲಿ ಹಂಗಾರಕಟ್ಟೆಯ ಭಾಸ್ಕರ ಎಂಬವರು ತಮ್ಮ ಐದು ವರ್ಷದ ಮಗಳು ಸಾನ್ವಿಯನ್ನು ಕರೆತಂದರು. ಅವರು ದೋಣಿ ಕಟ್ಟುವ ಬಡಗಿ. ಮಗುವಿನ ಬಲಗಣ್ಣು ಚೆನ್ನಾಗಿತ್ತು. ಎಡಗಣ್ಣಿಗೆ ಮಾತ್ರ ಚಾರ್ಟಿನ ಮೇಲಿನ ಸಾಲು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಇದನ್ನು ಆಂಬ್ಲಿಯೋಪಿಯಾ ಎನ್ನುತ್ತಾರೆ, ಸೋಮಾರಿ ಕಣ್ಣು. ಕಣ್ಣಿನಲ್ಲಿ ಬೇರೆ ರೋಗವಿಲ್ಲ. ಮೆದುಳು ಒಳ್ಳೆಯ ಕಣ್ಣಿನ ಮಾತನ್ನಷ್ಟೇ ಕೇಳಿ ಇನ್ನೊಂದನ್ನು ಮೂಲೆಗೆ ತಳ್ಳಿರುತ್ತದೆ. ನಮ್ಮ ಡಾಕ್ಟರು ಕನ್ನಡಕ ಬರೆದರು, ಜೊತೆಗೆ ಬಲಗಣ್ಣು ಮುಚ್ಚುವಂತೆ ದಿನಕ್ಕೆ ಎರಡು ಗಂಟೆ ಪ್ಯಾಚ್ ಅಂಟಿಸಲು ಹೇಳಿದರು. ಆ ಹೊತ್ತಿನಲ್ಲಿ ಎಡಗಣ್ಣು ಹತ್ತಿರದ ಸಣ್ಣ ವಸ್ತುಗಳನ್ನು ನೋಡಿ ನೋಡಿ ಕಲಿಯಬೇಕು. ವಯಸ್ಸು ಏರಿದಷ್ಟೂ ಈ ಕಲಿಕೆ ಕಷ್ಟ. ಈಗ ತಪ್ಪಿದರೆ ಆ ಕಣ್ಣು ಬದುಕಿಡೀ ಹಾಗೇ ಉಳಿಯುವ ಭಯವಿತ್ತು.

ಹೇಳುವುದು ಸುಲಭ. ಸಾನ್ವಿ ಪ್ಯಾಚನ್ನು ಕಿತ್ತು ಬಿಸಾಡಿದಳು. ಬಣ್ಣದ ಪುಸ್ತಕ ಕೊಟ್ಟರು, ಮಣಿ ಪೋಣಿಸಲು ಕೂರಿಸಿದರು, ಬೈದರು, ಚಾಕಲೇಟಿನ ಲಂಚವನ್ನೂ ಕೊಟ್ಟರು. ಚಾಕಲೇಟು ಹೊಟ್ಟೆಗೆ ಹೋಯಿತು, ಪ್ಯಾಚು ಗೋಡೆಗೆ ಹೋಯಿತು. ಎರಡನೆಯ ಭೇಟಿಯಲ್ಲಿ ನಾನೇ ಅಂಟಿಸಿ ಹೊರಗೆ ಕೂರಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಇಣುಕಿದರೆ ಹುಡುಗಿಯ ಸದ್ದೇ ಇಲ್ಲ. ಕಿಟಕಿಯ ದಂಡೆಗೆ ಮೂಗು ತಾಗಿಸಿ ನಿಂತಿದ್ದಳು. ಕಟ್ಟಿರುವೆಗಳು ಬಿಸ್ಕತ್ತಿನ ಚೂರು ಹೊತ್ತು ಸಾಗುತ್ತಿದ್ದವು. ಕೈ ಒಮ್ಮೆಯೂ ಪ್ಯಾಚಿನ ಕಡೆ ಹೋಗಲಿಲ್ಲ.

ಇದಕ್ಕೊಂದು ಇರುವೆ ಮನೆ ಬೇಕು, ಇರುವೆ ಸಾಕಿ ನೋಡುವ ಪೆಟ್ಟಿಗೆ, ಎಂದೆ. ಭಾಸ್ಕರರು ಅಲ್ಲೇ ಮೊಬೈಲಿನಲ್ಲಿ ಹುಡುಕಿ ನೀಲಿ ಜೆಲ್ಲಿಯದ್ದು, ಕೋಟೆಯಂಥ ಪ್ಲಾಸ್ಟಿಕ್ಕಿನದ್ದು ಎಂದು ಒಂದೊಂದೇ ತೋರಿಸಿದರು. ನಾನು ಎಲ್ಲವನ್ನೂ ಬೇಡ ಎಂದೆ. ಕೋಟೆಯೊಳಗೆ ಇರುವೆ ಅಡಗಿ ಕೂತರೆ ಮಗು ನೋಡುವುದು ಪ್ಲಾಸ್ಟಿಕ್ಕನ್ನೇ. ನನಗೆ ಬೇಕಾದದ್ದು ಎರಡು ಗಾಜಿನ ನಡುವೆ ಬೆರಳು ದಪ್ಪದ ಸಂದು, ಅಷ್ಟೇ. ಇರುವೆ ಎಲ್ಲಿ ಸುರಂಗ ಕೊರೆದರೂ ಕಾಣಬೇಕು. ಕರಿ ಇರುವೆ ಎದ್ದು ಕಾಣುವಂಥ ಬಿಳಿ ಮಣ್ಣು, ಆದರೆ ಕಡಲ ದಂಡೆಯ ಹೊಯ್ಗೆಯಲ್ಲ, ಅದರಲ್ಲಿ ಉಪ್ಪಿರುತ್ತದೆ. ಕೆಂಪಿರುವೆ ಕಚ್ಚಿ ಜೀವ ತೆಗೆಯುತ್ತದೆ. ಸಕ್ಕರೆ ಡಬ್ಬಿಯ ಸಣ್ಣಿರುವೆ ಆ ಕಣ್ಣಿಗೆ ಕಾಣುವುದೇ ಇಲ್ಲ. ಕಟ್ಟಿರುವೆಯೇ ಸರಿ, ಕಷ್ಟಪಟ್ಟರೆ ಕಾಣುವಷ್ಟು ದೊಡ್ಡದು. ಎಲ್ಲವೂ ಒಂದೇ ಗೂಡಿನವಾಗಿರಬೇಕು, ಇಲ್ಲದಿದ್ದರೆ ಒಳಗೇ ಕುರುಕ್ಷೇತ್ರ. ಭಾಸ್ಕರರು ಹಲಸಿನ ಹಲಗೆಯಲ್ಲಿ ಚೌಕಟ್ಟು ಮಾಡಿ ವಾರದೊಳಗೆ ಫೋಟೋ ಕಳಿಸಿದರು.

ಅಂದಿನಿಂದ ಪ್ಯಾಚಿನ ಗಲಾಟೆ ನಿಂತಿತು. ಮನೆಯಲ್ಲಿ ಒಂದೇ ಕಟ್ಟಳೆ: ಪ್ಯಾಚು ಹಾಕಿದರೆ ಮಾತ್ರ ಇರುವೆ. ತಿಂಗಳು ಕಳೆದಂತೆ ಅವಳು ಚಾರ್ಟಿನಲ್ಲಿ ಸಾಲು ಸಾಲಾಗಿ ಕೆಳಗಿಳಿದಳು. ಮನೆ, ಸೇಬು, ಚೌಕ ಎಂದು ಅದರ ಚಿತ್ರಗಳನ್ನು ಪಟಪಟ ಹೇಳುತ್ತಿದ್ದಳು. ನನಗೆ ಖುಷಿಯಾಗಿತ್ತು. ಮೇ ತಿಂಗಳಲ್ಲಿ ನಾನು ಚಾರ್ಟಿನ ದೀಪ ಹಾಕುವ ಮೊದಲೇ ಮಹಾರಾಯ್ತಿ ಕೊನೆಯ ಸಾಲು ಒಪ್ಪಿಸಿಬಿಟ್ಟಳು! ನಮ್ಮಲ್ಲಿದ್ದ ಎರಡು ಚಾರ್ಟೂ ಅವಳಿಗೆ ಬಾಯಿಪಾಠ. ಕಣ್ಣು ಕಲಿತಿದೆಯೋ, ಬಾಯಿ ಮಾತ್ರ ಕಲಿತಿದೆಯೋ? ಬೇರೆ ಕಡೆಯಿಂದ ಹೊಸ ಚಾರ್ಟು ತರಿಸಲು ಹೇಳಿ, ತಂದೆಯ ಮುಂದೆ ಏನೂ ತೋರಿಸಿಕೊಳ್ಳದೆ ಕಳಿಸಿದೆ.

ಚಾರ್ಟು ಬರುವ ಮೊದಲೇ ಮಳೆಗಾಲ ಬಂತು, ಭಾಸ್ಕರರ ಫೋನೂ ಬಂತು. ಇರುವೆಗಳೆಲ್ಲ ಸತ್ತಿವೆ, ಮಗಳು ಅತ್ತು ಅತ್ತು ಊಟ ಬಿಟ್ಟಿದ್ದಾಳೆ, ಇನ್ನು ಪ್ಯಾಚೇ ಬೇಡ ಅನ್ನುತ್ತಾಳೆ ಎಂದರು. ಅಂದು ಭಾನುವಾರ. ಕೊಡೆ ಹಿಡಿದು ಹಂಗಾರಕಟ್ಟೆಯ ಬಸ್ಸು ಹತ್ತಿದೆ.

ಹೋಗಿ ನೋಡಿದರೆ ಗಾಜಿನ ಒಳಗೆಲ್ಲ ಹಬೆ. ಇರುವೆಗಳು ಕಾಲು ಮಡಚಿ ಬಿದ್ದಿದ್ದವು. ಚೌಕಟ್ಟಿನ ಸಂದುಗಳಿಗೆಲ್ಲ ಹತ್ತಿಯ ಎಳೆ ತುರುಕಿ, ಮೇಲೆ ಅಂಟು ಬಳಿದು, ಅಪ್ಪಟ ದೋಣಿಯ ಕೆಲಸ ಮಾಡಿದ್ದರು.

“ಮಳೆ ಶುರುವಾಯ್ತಲ್ದಾ ಮೇಡಂ, ಒಂದ್ ಹನಿ ನೀರ್ ಒಳ್ಗ್ ಹೋಪುಕಾಗ ಅಂದೇಳಿ ಮಾಡ್ದೆ” ಎಂದರು ಭಾಸ್ಕರರು, ತಲೆ ತಗ್ಗಿಸಿ.

ಪಾಪ, ಅವರ ಕೈ ಕಲಿತದ್ದೇ ಅದು. ನೀರು ಬಾರದಂತೆ ಮಾಡುವ ಭರದಲ್ಲಿ ಗಾಳಿಯೂ ಬಾರದಂತೆ ಮಾಡಿದ್ದರು. ಬೈಯಲು ಬಾಯಿ ಬರಲಿಲ್ಲ. ಮೊದಲು ಮುಚ್ಚಳ ತೆಗೆಯಿರಿ ಎಂದೆ. ಅವರು ಉಳಿ ಹಾಕಿ ಮೇಲಿನ ಪಟ್ಟಿ ಎಬ್ಬಿಸಿದರು, ಗಾಜಿನ ಹಬೆ ಮೆಲ್ಲನೆ ಆರಿತು. ನಾನು ಬಗ್ಗಿ ನೋಡಿದೆ, ಭಾಸ್ಕರರೂ ನೋಡಿದರು. ಒಂದೂ ಅಲುಗಲಿಲ್ಲ.

ಆಗ ಸಾನ್ವಿ ನಮ್ಮಿಬ್ಬರ ನಡುವೆ ನುಗ್ಗಿ ಬಂದಳು. ಕಣ್ಣೀರಿಗೆ ನೆನೆದು ಪ್ಯಾಚು ಆಗಲೇ ಬಿದ್ದುಹೋಗಿತ್ತು. ಅವಳು ತನ್ನ ಬಲಗಣ್ಣನ್ನು, ಒಳ್ಳೆಯ ಕಣ್ಣನ್ನು, ತಾನೇ ಅಂಗೈಯಿಂದ ಒತ್ತಿ ಮುಚ್ಚಿಕೊಂಡಳು. ಯಾರೂ ಹೇಳಿಕೊಟ್ಟದ್ದಲ್ಲ. ಇಷ್ಟು ತಿಂಗಳು ಇರುವೆಗಳನ್ನು ನೋಡಿದ್ದು ಎಡಗಣ್ಣೇ ತಾನೇ. ನಿಜವಾಗಿ ನೋಡಬೇಕೆಂದಾಗ ಅವಳು ನಂಬಿದ್ದು ಅದನ್ನೇ. ಗಾಜಿಗೆ ಮೂಗು ತಾಗಿಸಿ ಉಸಿರು ಹಿಡಿದು ನಿಂತಳು.

“ಸಾಯ್ಲಿಲ್ಲೆ ಆಂಟಿ. ಕಾಣಿ, ಒಂದ್ರ ಮೀಸೆ ಅಲ್ಲಾಡ್ತಾ ಇತ್ತ್.”

ನನಗೇನೂ ಕಾಣಲಿಲ್ಲ. ಮಗುವಿನ ಆಸೆ ಎಂದುಕೊಂಡೆ. ಆದರೂ ಚೀಲದಿಂದ ಭೂತಗನ್ನಡಿ ತೆಗೆದು ಅವಳ ಬೆರಳಿದ್ದಲ್ಲಿ ಹಿಡಿದೆ. ಒಂದು ಇರುವೆಯ ಮೀಸೆಯ ತುದಿ, ಕೂದಲೆಳೆಗಿಂತ ಸಣ್ಣದು, ಒಮ್ಮೆ ಬಾಗಿ ಎದ್ದಿತು. ಸ್ವಲ್ಪ ಹೊತ್ತಿಗೆ ಅದು ಒಂದು ಕಾಲು ಚಾಚಿತು, ಪಕ್ಕದ್ದೂ ಮಗ್ಗುಲಾಯಿತು. ಗಾಳಿ ಕೆಟ್ಟು ಮೂರ್ಛೆ ಹೋಗಿದ್ದವು, ಅಷ್ಟೇ. ಭಾಸ್ಕರರು ನೆಲದ ಮೇಲೆ ಕೂತುಬಿಟ್ಟರು. ಅವರು ನೋಡುತ್ತಿದ್ದದ್ದು ಇರುವೆಗಳು ಏಳುವುದನ್ನು. ನಾನು ನೋಡುತ್ತಿದ್ದದ್ದು ಅಂಗೈ ಮುಚ್ಚದ ಆ ಪುಟ್ಟ ಎಡಗಣ್ಣನ್ನು. ನನಗೆ ಅಳು ಬಂತು, ಮುಚ್ಚಿಡಲು ಹೋಗಲಿಲ್ಲ.

ಹೊಸ ಚಾರ್ಟು ಬಂದ ಮೇಲೆ ಪರೀಕ್ಷೆ ಮಾಡಿದೆ. ಎಡಗಣ್ಣು ಬಲಗಣ್ಣಿಗಿಂತ ಒಂದೇ ಸಾಲು ಹಿಂದಿತ್ತು. ಡಾಕ್ಟರು ಫೈಲಿನಲ್ಲಿ ಅದನ್ನು ಬರೆದುಕೊಂಡರು. ನನಗೆ ಮಾತ್ರ ಆ ಫಲಿತಾಂಶ ಹಂಗಾರಕಟ್ಟೆಯಲ್ಲೇ ಸಿಕ್ಕಿತ್ತು.

ವೃತ್ತಿಯುದ್ದಕ್ಕೂ ನಾನು ಮಕ್ಕಳಿಗೆ “ನೋಡು, ನೋಡು” ಎಂದು ಗದರಿದ್ದೇ ಹೆಚ್ಚು. ಹೇಳಿದ್ದಕ್ಕೆ ಮಗು ಕಣ್ಣು ತೆರೆಯಬಹುದು, ಆದರೆ ನೋಡುವುದು ತನಗೆ ಬೇಕೆನಿಸಿದ್ದನ್ನು ಮಾತ್ರ. ಅದಾದ ಮೇಲೆ ನಿವೃತ್ತಿಯ ದಿನದವರೆಗೂ ಪ್ಯಾಚು ಕೈಗೆತ್ತಿಕೊಳ್ಳುವ ಮೊದಲು ಪ್ರತಿ ಮಗುವಿನ ಎದುರು ಕುಕ್ಕರುಗಾಲಲ್ಲಿ ಕೂತು ಒಂದು ಪ್ರಶ್ನೆ ಕೇಳುತ್ತಿದ್ದೆ, ಉತ್ತರ ಬರುವ ತನಕ ಕಾಯುತ್ತಿದ್ದೆ: “ನಿಂಗೆ ಎಂತ ಕಾಂಬುಕೆ ಆಸೆ, ಮಗಾ?”