ಏಳನೇ ಮಾಳಿಗೆಯ ಫ್ಲಾಟು

ಮಣಿಪಾಲದಲ್ಲಿ ನಮ್ಮಂಥವರಿಗೂ ಬಾಡಿಗೆ ಮನೆ ಸಿಗುತ್ತಿದ್ದ ಕಾಲ ಅದು. ಲೀಲಕ್ಕನ ಹೆಂಚಿನ ಮನೆಯ ಅರ್ಧ ಭಾಗದಲ್ಲಿ ನಾವು ಮೂವರು. ಅಮ್ಮ ಜಗಲಿಯಲ್ಲಿ ಕೂತು ಹಾಸ್ಟೆಲ್ ಹುಡುಗಿಯರ ಚೂಡಿದಾರ ಹೊಲಿಯುತ್ತಿದ್ದರು. ಅಪ್ಪ ಟೈಲ್ಸ್ ಹಾಕುವವರು. ಸಂಜೆ ಬಂದರೆ ಅಂಗಿಯಲ್ಲಿ ಸಿಮೆಂಟಿನ ವಾಸನೆ, ಕೈಯಲ್ಲಿ ನನಗೆಂದು ಬಿಸಿ ಗೋಳಿಬಜೆಯ ಪೊಟ್ಟಣ.

ಐದನೇ ಕ್ಲಾಸಿನ ಬೇಸಗೆ ರಜೆಯಲ್ಲಿ ಒಂದು ದಿನ ಅಪ್ಪ ನನ್ನನ್ನು ಕೆಲಸದ ಕಡೆ ಕರೆದುಕೊಂಡು ಹೋದರು. ಏಳು ಮಾಳಿಗೆ! ಲಿಫ್ಟ್ ಇನ್ನೂ ಬಂದಿರಲಿಲ್ಲ. ಹತ್ತಿ ಹತ್ತಿ ಕಾಲು ಸೋತಿತು. ಅಪ್ಪ ಒಂದು ನಾಣ್ಯ ಕೊಟ್ಟು ಹೇಳಿದರು, "ಒಂದೊಂದೇ ಟೈಲ್ಸ್ ಬಡಿದು ನೋಡು ಮಗಾ. ಟೊಳ್ಳು ಶಬ್ದ ಬಂದರೆ ಹೇಳು, ಅಡಿಯಲ್ಲಿ ಸಿಮೆಂಟ್ ಕೂತಿಲ್ಲ ಅಂತ ಲೆಕ್ಕ."

ಬರಿಗಾಲಲ್ಲಿ ಟಕ್ ಟಕ್ ಬಡಿಯುತ್ತ ಬಾಲ್ಕನಿಗೆ ಬಂದೆ. ಅಬ್ಬಾ! ತೆಂಗಿನ ತಲೆಗಳೆಲ್ಲ ನನ್ನ ಕಾಲ ಕೆಳಗೆ, ಅವುಗಳ ಆಚೆ ಕಡಲು. ಅದು ಅಷ್ಟು ದೊಡ್ಡದೆಂದು ಯಾರಿಗೆ ಗೊತ್ತಿತ್ತು! ತೆರೆದ ಬಾಯಿ ಮುಚ್ಚಲಿಲ್ಲ.

"ಇದು ಯಾರ ಮನೆ ಅಪ್ಪಾ?"

"ಇನ್ನೂ ಯಾರದ್ದೂ ಅಲ್ಲ."

ಯಾರದ್ದೂ ಅಲ್ಲವೆಂದರೆ ನಮ್ಮದೇ ಯಾಕಾಗಬಾರದು? ಮನೆಗೆ ಓಡಿ ಬಂದವಳೇ ಲೀಲಕ್ಕನಿಗೆ ಹೇಳಿಬಿಟ್ಟೆ, "ನಾವು ಏಳನೇ ಮಾಳಿಗೆಗೆ ಹೋಗ್ತೇವೆ. ಕಡಲು ಕಾಣುವ ರೂಮು ನನ್ನದು!"

ಹದಿನೈದು ದಿನ ಕಳೆದು ಲೀಲಕ್ಕ ಜಗಲಿಗೆ ಬಂದು ಅಪ್ಪನನ್ನು ಕೇಳಿದರು, "ಎಂತ ಶೇಖರಣ್ಣ, ಫ್ಲಾಟ್ ಆಯ್ತಂತೆ, ನಮಗೆ ಹೇಳಲೇ ಇಲ್ಲ? ನಿಮ್ಮ ಭಾಗ ಕಾಲೇಜಿನ ಮಕ್ಕಳಿಗೆ ಕೊಡುವ ಅಂತ ಉಂಟು. ಒಬ್ಬೊಬ್ಬರೇ ನಿಮ್ಮಷ್ಟು ಬಾಡಿಗೆ ಕೊಡ್ತಾರೆ. ಮಾತು ಕೊಟ್ಟಾಯ್ತು. ನಿಮ್ಮ ಮಗಳೇ ಹೇಳಿದ್ದು ಅಲ್ವಾ?"

ಅಮ್ಮನ ಮೆಷಿನ್ ನಿಂತಿತು. ನಾನು ಬಾಗಿಲ ಹಿಂದೆ ಅಡಗಿದ್ದೆ. ಮಗು ಸುಳ್ಳು ಹೇಳಿದೆ ಎಂದು ಅಪ್ಪ ಒಂದು ಮಾತು ಅಂದಿದ್ದರೆ ಮನೆ ಉಳಿಯುತ್ತಿತ್ತೋ ಏನೋ. ಅಪ್ಪ ನನ್ನ ಕಡೆ ನೋಡಿದರು. "ಹೌದು ಲೀಲಕ್ಕ, ಹೇಳಲು ತಡವಾಯ್ತು. ಬರುವ ತಿಂಗಳು ಬಿಡ್ತೇವೆ," ಎಂದರು. ಏಳು ಮಾಳಿಗೆ ನೋಡಿ ಬೆರಗಾಗಿದ್ದವಳು ಅಂದು ನನ್ನ ಸುಳ್ಳನ್ನು ತನ್ನದಾಗಿಸಿಕೊಂಡ ಅಪ್ಪನನ್ನು ನೋಡಿ ಇನ್ನೂ ಬೆರಗಾದೆ.

ಮಣಿಪಾಲದಲ್ಲಿ ಎಲ್ಲಿ ಕೇಳಿದರೂ ಬಾಡಿಗೆ ಏರಿತ್ತು. ನಮ್ಮ ಕೈಗೆಟುಕುವ ಮನೆ ಸಿಕ್ಕಿದ್ದು ಕಟಪಾಡಿಯಲ್ಲಿ. ಹಾಸ್ಟೆಲ್ ಹುಡುಗಿಯರು ಅಷ್ಟು ದೂರ ಬರುವುದುಂಟೇ? ಅಮ್ಮನಿಗೆ ಹಳೆ ಬಟ್ಟೆಗಳ ರಿಪೇರಿ ಮಾತ್ರ ಉಳಿಯಿತು. ಅಪ್ಪ ಎರಡು ಬಸ್ಸು ಹಿಡಿದು ಹೋಗಿ ಮಣಿಪಾಲದ ಮನೆಗಳಿಗೆ ಟೈಲ್ಸ್ ಹಾಕಿದರು.

ಈಗ ಲೀಲಕ್ಕನ ಮನೆಯ ಜಾಗದಲ್ಲೂ ಫ್ಲಾಟುಗಳೆದ್ದಿವೆ. ಆ ರಸ್ತೆಯಲ್ಲಿ ನಮ್ಮ ಗುರುತಿನವರು ಒಬ್ಬರೂ ಇಲ್ಲ. ಜಗಲಿ ಹೋಯಿತು, ಅಮ್ಮನ ಗಿರಾಕಿಗಳು ಹೋದರು. ಅದಕ್ಕೆಲ್ಲ ಹೇಗೋ ಸಮಾಧಾನ ಹೇಳಿಕೊಂಡೆ. ನನ್ನನ್ನು ಕಾಡುವುದು ಬೇರೆ. ನನ್ನ ಆ ಸುಳ್ಳಿನ ಸುದ್ದಿಯನ್ನು ಅಪ್ಪ ಸಾಯುವವರೆಗೂ ಎತ್ತಲಿಲ್ಲ. ಎತ್ತಿದ್ದರೆ ಒಮ್ಮೆ ತಪ್ಪಾಯಿತು ಎಂದಾದರೂ ಹೇಳುತ್ತಿದ್ದೆ.