ಹತ್ತಿರ ಇರುವುದನ್ನು ಕಲಿಸಿದವರು

ನಮ್ಮ ಟೀಚರ್ ತುಂಬು ಮೈಯವರು, ಆದರೆ ನಡೆದರೆ ಸದ್ದೇ ಇಲ್ಲ. ಬರಿಗಾಲಿನ ಹಿಮ್ಮಡಿಯನ್ನು ಮೊದಲು ನೆಲಕ್ಕೆ ತಾಗಿಸಿ, ಆಮೇಲೆ ಅಂಗಾಲು ಊರಿ, ಕೊನೆಗೆ ಬೆರಳುಗಳನ್ನು ಒಂದೊಂದಾಗಿ ಇಳಿಸುತ್ತಿದ್ದರು. ಆಗತಾನೇ ಮಲಗಿದ ಕೂಸಿನ ಪಕ್ಕದಿಂದ ಎದ್ದು ಬರುವ ತಾಯಿಯ ಹಾಗೆ. ಮೈಸೂರಿನ ಸಿದ್ಧಾರ್ಥನಗರದ ಅವರ ಮನೆಯ ತಾರಸಿಯಲ್ಲಿ ಆ ನಡಿಗೆಯನ್ನು ಮೊದಲ ಸಲ ನೋಡಿದಾಗ ನಮ್ಮ ಯಜಮಾನರು ನನ್ನ ಕಿವಿಯಲ್ಲಿ, "ಇದೇನು, ಕಳ್ಳತನ ಕಲಿಸ್ತಾರಾ?" ಎಂದಿದ್ದರು.

ನಾವು ಹೋದದ್ದು ಯಜಮಾನರ ಹೃದಯದ ಸಲುವಾಗಿ. ಹಿಂದಿನ ವರ್ಷ ಅಂಗಡಿಯಲ್ಲಿ ಕುಸಿದು ಬಿದ್ದು ಸ್ಟೆಂಟ್ ಹಾಕಿಸಿಕೊಂಡು ಬಂದಿದ್ದರು. ಮನೆಗೆ ಕಳಿಸುವಾಗ ಡಾಕ್ಟರು, "ಎಲ್ಲಾ ಮೊದಲಿನ ಹಾಗೇ ಇರಬಹುದು" ಎಂದರು. ಆ 'ಎಲ್ಲಾ' ಏನೇನು ಎಂದು ಅವರು ಬಿಡಿಸಿ ಹೇಳಲಿಲ್ಲ, ನಾವೂ ಕೇಳಲಿಲ್ಲ. ಶ್ರೀರಾಂಪುರದ ನಮ್ಮ ಮನೆಯಲ್ಲಿ ನಾನು ಹಾಸಿಗೆಯನ್ನು ಪಕ್ಕದ ಕೋಣೆಗೆ ಹಾಕಿಕೊಂಡೆ. "ನಿಮಗೆ ನಿದ್ದೆ ಚೆನ್ನಾಗಿ ಬರಲಿ" ಎಂದೆ. ಅವರು "ಸರಿ" ಎಂದರು. ಅಲ್ಲಿಂದಾಚೆ ನಮ್ಮ ಮಾತೆಲ್ಲ ಮಾತ್ರೆ, ಉಪ್ಪು, ವಾಕಿಂಗ್ ಇಷ್ಟಕ್ಕೇ ಬಂದು ನಿಂತಿತು.

ಚೀನೀ ಪದ್ಧತಿಯ ನಿಧಾನದ ವ್ಯಾಯಾಮ ಹೃದಯಕ್ಕೆ ಒಳ್ಳೆಯದು ಎಂದು ಗೆಳತಿಯೊಬ್ಬಳು ಟೀಚರ ವಿಳಾಸ ಕೊಟ್ಟಳು. "ಗಂಡ ಹೆಂಡತಿ ಇಬ್ರೂ ಹೋಗ್ಬೇಕು, ಒಬ್ರೇ ಹೋದ್ರೆ ಕಲಿಸಲ್ಲ" ಎಂದಳು. ಯಾಕೆಂದು ಹೇಳಲಿಲ್ಲ.

ಟೀಚರ್ ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಮೈಸೂರಿನದೇ ವೀರಶೈವ ಮನೆತನ, ಹಣೆ ತುಂಬ ವಿಭೂತಿ. ಗಂಡನ ಕೆಲಸದ ಜೊತೆ ಮಲೇಷಿಯಾಕ್ಕೆ ಹೋಗಿ ಬಹಳ ವರ್ಷ ಇದ್ದರು. ಅಲ್ಲಿ ಪಕ್ಕದ ಮನೆಯ ಚೀನೀ ವೃದ್ಧ ದಂಪತಿ ಇವರಿಬ್ಬರಿಗೂ ತಾವೋ ಸಾಧನೆ ಕಲಿಸಿದರಂತೆ.

ಮೊದಲ ದಿನವೇ ಟೀಚರ್ ಹೇಳಿದರು: "ತಾವೋ ಅಂದ್ರೆ ದಾರಿ, ಅಷ್ಟೇ ಕಣ್ರೀ. ಗಂಡ ಹೆಂಡತಿ ಕೂಡೋದೂ ಆ ದಾರೀನೇ ಅಂತಾರೆ ಅವರು. ಅದು ನಾಚ್ಕೊಳ್ಳೋ ವಿಷಯ ಅಲ್ಲ, ಆತುರ ಪಡೋ ವಿಷಯಾನೂ ಅಲ್ಲ."

ನಮ್ಮ ಯಜಮಾನರು ನೀರಿನ ಟ್ಯಾಂಕನ್ನೇ ನೋಡತೊಡಗಿದರು. ನಾನು ಸೆರಗಿನ ಅಂಚು.

ಟೀಚರ್ ನಗಲಿಲ್ಲ. ನಮ್ಮನ್ನು ಚಾಪೆಯ ಮೇಲೆ ಎದುರುಬದುರು ಕೂರಿಸಿ, ಅಂಗೈಗೆ ಅಂಗೈ ಹಿಡಿಯಲು ಹೇಳಿದರು. ತಾಗಿಸುವ ಹಾಗಿಲ್ಲ, ನಡುವೆ ವೀಳ್ಯದೆಲೆ ತೂರುವಷ್ಟು ಜಾಗ ಬಿಡಬೇಕು, ಉಸಿರನ್ನು ಹೊಕ್ಕುಳ ಕೆಳಗಿನವರೆಗೂ ಇಳಿಸಬೇಕು. "ಮುಟ್ಟೋದು ಆಮೇಲೆ. ಮೊದಲು ಹತ್ತಿರ ಇರೋದು ಕಲೀರಿ. ನಮ್ಮಜ್ಜಿ ಅಂಗೈಲಿ ಲಿಂಗ ಇಟ್ಕೊಂಡು ಎಂಗೆ ನೋಡ್ತಾ ಕೂತಿರೋರೋ, ಅಂಗೇ ಒಬ್ಬರನ್ನೊಬ್ಬರು ನೋಡಿ." ಸ್ವಲ್ಪ ಹೊತ್ತಿಗೆ ಯಜಮಾನರ ಕೈಯ ಕಾವು ನನ್ನ ಕೈಗೆ ಬಂತು. ಆ ಕಾವನ್ನು ನಾನು ಮರೆತೇಬಿಟ್ಟಿದ್ದೆ.

ಅವರ ಪಾಠಗಳೆಲ್ಲ ಹೀಗೆ ಅಡುಗೆಮನೆ, ದೇವರಮನೆಗಳಿಂದಲೇ ಬರುತ್ತಿದ್ದವು. "ಗಂಡಸು ಬೆಂಕಿ, ಹೆಂಗಸು ನೀರು ಅಂತಾರೆ ಚೀನಾದವರು. ಬೆಂಕಿ ಕಡ್ಡಿ ಗೀರಿದ ತಕ್ಷಣ ಹತ್ಕೊಳ್ಳುತ್ತೆ. ನೀರು ಕಾಯೋಕೆ ಹೊತ್ತು ಬೇಕು. ಆದ್ರೆ ಒಲೆ ಆರಿದ ಮೇಲೂ ನೀರು ಬಿಸಿಯಾಗೇ ಇರುತ್ತೆ ನೋಡಿ. ಅದಕ್ಕೇ ಸಣ್ಣ ಉರೀಲಿ ಕಾಯಿಸ್ಬೇಕು." ಕೊನೆ ಮುಟ್ಟುವ ಯೋಚನೆಯನ್ನೇ ಬಿಡಿ, ಇಬ್ಬರ ಉಸಿರು ಒಂದಾದರೆ ಅದೇ ಕೂಡಿದ್ದು ಎನ್ನುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ಸಂಗಾತಿಯ ಎದೆಯ ಮೇಲೆ ಕೈ ಇಡುವ ಪಾಠ. ಯಜಮಾನರು ಕಣ್ಣು ಮುಚ್ಚಿ ಕೂತಿದ್ದರು. ನನ್ನ ಕೈ ಅವರ ಅಂಗಿಯವರೆಗೆ ಹೋಗಿ ನಿಂತಿತು. ಹಿಂದಕ್ಕೆ ಎಳೆದುಕೊಂಡೆ.

"ಯಾಕಮ್ಮ?"

"ಆಗಲ್ಲ ಟೀಚರ್."

"ಯಾಕೆ ಆಗಲ್ಲ ಅಂತ ನನಗೆ ಹೇಳಬೇಡ. ಅವರಿಗೆ ಹೇಳು ಕಣಮ್ಮ." ಅಷ್ಟು ಹೇಳಿ, ಕಾಫಿ ಮಾಡುವ ನೆಪದಲ್ಲಿ ಕೆಳಗೆ ಇಳಿದುಹೋದರು.

ನಾನು ಅತ್ತುಬಿಟ್ಟೆ. "ನನ್ನಿಂದ ನಿಮಗೇನಾದ್ರೂ ಆಗಿಬಿಟ್ರೆ ಏನ್ರೀ ಮಾಡ್ಲಿ?"

ಅವರು ಕಣ್ಣು ತೆರೆದರು. "ಅದಕ್ಕಾ ಆ ರೂಮಿಗೆ ಹೋಗ್ಬುಟ್ಟೆ ನೀನು? ಕಾಯಿಲೆಯವನು ನಿನಗೆ ಬೇಡವಾದೆ ಅನ್ಕೊಂಡಿದ್ದೆ ಕಣೇ ನಾನು." ಆಮೇಲೆ ನನ್ನ ಕೈಯನ್ನು ತಾವೇ ತೆಗೆದು ಎದೆಯ ಮೇಲೆ ಇಟ್ಟುಕೊಂಡರು. ಆ ವಾರವೇ ನನ್ನ ಹಾಸಿಗೆ ಮೊದಲಿನ ಜಾಗಕ್ಕೆ ಬಂತು. ಅಲ್ಲಿಂದ ಮುಂದಿನದು ನಿಧಾನವಾಗಿ ಬಂತು, ಸಣ್ಣ ಉರಿಯಲ್ಲಿ.

ಟೀಚರ ಯಜಮಾನರಿಗೆ ಲಕ್ವ ಹೊಡೆದು ಮಾತು ಬಿದ್ದುಹೋಗಿದೆ ಎಂಬುದು ನಮಗೆ ತಡವಾಗಿ ಗೊತ್ತಾಯಿತು. ಒಂದು ದಿನ ನಾನು ಹೊತ್ತಿಗೆ ಮೊದಲೇ ಹೋಗಿದ್ದೆ. ಕೋಣೆಯ ಬಾಗಿಲು ತೆರೆದಿತ್ತು. ಟೀಚರ್ ಮಂಚದ ಅಂಚಿನಲ್ಲಿ ಕೂತು, ಗಂಡನ ಹೊಟ್ಟೆಯ ಮೇಲೆ ಕೈಯಿಟ್ಟು, ಅವರ ಉಸಿರು ಏರಿದಾಗ ತಮ್ಮ ಉಸಿರು ಏರಿಸುತ್ತಾ, ಇಳಿದಾಗ ಇಳಿಸುತ್ತಾ ಇದ್ದರು. ಆ ಮುದುಕರ ಮುಖದಲ್ಲಿ ಮದುಮಗನ ಕಳೆ ಇತ್ತು. ನನ್ನನ್ನು ಕಂಡು ಟೀಚರ್ ಗಾಬರಿಯಾಗಲಿಲ್ಲ. "ಇದೇ ಕಣಮ್ಮ ನಾನು ಕಲಿಸೋದು. ಇದಕ್ಕಿಂತ ಹೆಚ್ಚಿಗೇನೂ ನನಗೆ ಗೊತ್ತಿಲ್ಲ" ಎಂದರು.

ಗಂಡ ತೀರಿಕೊಂಡ ಮೇಲೆ ಅವರು ಹೆಚ್ಚು ದಿನ ಉಳಿಯಲಿಲ್ಲ. ಕಳೆದ ವರ್ಷ, ಮನೆಯವರ ಪದ್ಧತಿಯಂತೆ ಅವರನ್ನು ಕೂತ ಭಂಗಿಯಲ್ಲೇ ಮಣ್ಣಿಗೆ ಇಳಿಸಿದರು. ಟೀಚರ್ ಪ್ರತಿ ಜೋಡಿಗೂ ಬೇರೆ ಬೇರೆ ಹೊತ್ತು ಕೊಡುತ್ತಿದ್ದುದರಿಂದ ಅವರ ಬಳಿ ಇನ್ಯಾರು ಕಲಿಯುತ್ತಿದ್ದರೆಂದು ನಮಗೆ ತಿಳಿದಿರಲಿಲ್ಲ. ರುದ್ರಭೂಮಿಯಲ್ಲಿ ತಿಳಿಯಿತು. ನೆಂಟರಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ನಿಂತಿದ್ದರು. ಕೆಲವರು ಮಾತ್ರ ಅಲ್ಲಲ್ಲಿ ಜೋಡಿಯಾಗಿ, ನಮ್ಮ ಕಡೆ ಗಂಡ ಹೆಂಡತಿ ನಾಲ್ಕು ಜನರ ಮುಂದೆ ನಿಲ್ಲುವುದಕ್ಕಿಂತ ತುಸು ಹತ್ತಿರ ನಿಂತಿದ್ದರು. ಹಳ್ಳಿ ಕಡೆಯವರಂತೆ ಕಂಡ ಹಿರಿಯರೊಬ್ಬರು ಹೆಂಡತಿಯ ಕೈ ಹಿಡಿದುಕೊಂಡೇ ಅಳುತ್ತಿದ್ದರು.

ಯಾರೂ ಯಾರ ಪರಿಚಯವನ್ನೂ ಕೇಳಲಿಲ್ಲ. ನಮ್ಮ ಯಜಮಾನರು ಗಂಡಸರ ಸಾಲು ಬಿಟ್ಟು ಬಂದು, ಅಷ್ಟು ಜನರ ನಡುವೆ, ನನ್ನ ಪಕ್ಕದಲ್ಲಿ ನಿಂತುಕೊಂಡರು.