ಗಿಳಿಯನ್ನು ಗೂಡು ಸೇರಿಸುವ ವಾರಿಜಾಕ್ಷಿ

ನರಿಮೊಗರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ವಾರಿಜಾಕ್ಷಿ ಜಗಲಿಯಲ್ಲಿ ಕೂತು ಸೂಜಿಗೆ ನೂಲು ಪೋಣಿಸುತ್ತಿದ್ದಾರೆ. ನೂಲು ಸೂಜಿಯ ಆಚೆ ಹೋಗುತ್ತದೆ, ಈಚೆ ಬರುತ್ತದೆ. ಕೊನೆಗೆ ಸೂಜಿಯ ತಲೆಯನ್ನು ಬೆರಳಿನಿಂದ ಮುಟ್ಟಿ ನೋಡಿ, ಕಣ್ಣಿನ ಹಂಗಿಲ್ಲದೆ ಪೋಣಿಸಿಬಿಡುತ್ತಾರೆ. ಟೈಲರ್ ಅಂಗಡಿಯ ಚೂರುಬಟ್ಟೆ ಅವರ ಕೈಯಲ್ಲಿ ಮೀನಾಗುತ್ತದೆ, ದಾಸವಾಳವಾಗುತ್ತದೆ. ಇವೆಲ್ಲ ಮಕ್ಕಳ ಕನ್ನಡಕದ ಒಂದು ಗಾಜಿಗೆ ತೊಡಿಸುವ ಮುಸುಕುಗಳು.

ಪುತ್ತೂರಿನ ಸಣ್ಣದೊಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ಅವರು ಸಹಾಯಕಿ. ಬಾಗಿಲು ತೆರೆಯುವುದು, ಗುಡಿಸುವುದು, ಹನಿಮದ್ದು ಹಾಕುವುದು ಸಂಬಳದ ಕೆಲಸ. ಹೊಲಿಯುವುದು ಅವರದೇ ಹುಚ್ಚು. ಸುಳ್ಯ, ಕಡಬದ ಕಡೆಯಿಂದ ಬರುವ ಮಕ್ಕಳು ಬಿಳಿ ಪಟ್ಟಿ ಕಂಡರೆ ಅಳುತ್ತಾರೆ. ಮೀನು ಕಂಡರೆ ತಾವೇ ಕೇಳಿ ಹಾಕಿಸಿಕೊಳ್ಳುತ್ತಾರೆ.

ನಮ್ಮ ಎರಡು ಕಣ್ಣು ಕಾಣುವುದು ಎರಡು ಚಿತ್ರ, ಒಂದಕ್ಕಿಂತ ಒಂದು ತುಸು ಬೇರೆ. ಮಿದುಳು ಅವನ್ನು ಸೇರಿಸಿ ಒಂದೇ ಲೋಕ ಮಾಡುತ್ತದೆ. ಆ ತುಸು ವ್ಯತ್ಯಾಸದಿಂದಲೇ ಯಾವುದು ಹತ್ತಿರ, ಯಾವುದು ದೂರ ಎಂದು ತಿಳಿಯುತ್ತದೆ. ಎಳವೆಯಲ್ಲಿ ಒಂದು ಕಣ್ಣು ಓರೆಯಾದರೆ ಅಥವಾ ಅದರ ಚಿತ್ರ ಮಸುಕಾದರೆ ಮಿದುಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ಬಿಡುತ್ತದೆ. ಆಗ ಚೆನ್ನಾಗಿರುವ ಕಣ್ಣನ್ನು ದಿನಕ್ಕಷ್ಟು ಹೊತ್ತು ಮುಚ್ಚಿ, ಸೋಮಾರಿ ಕಣ್ಣನ್ನು ದುಡಿಸಬೇಕು. ತಡವಾದಷ್ಟೂ ಕಷ್ಟ.

ಹೆಸರಿಗೆ ಕಮಲದ ಕಣ್ಣಿನವರಾದರೂ ವಾರಿಜಾಕ್ಷಿಯವರದು ಹುಟ್ಟಿನಿಂದ ಮೆಳ್ಳೆಗಣ್ಣು. "ಮೆಳ್ಳೆಗಣ್ಣು ಅದೃಷ್ಟ, ಮುಟ್ಟುದು ಬೇಡ ಅಂತ ಮನೆಯಲ್ಲಿ ಹೇಳಿದ್ರು. ಆ ಅದೃಷ್ಟಕ್ಕೆ ಇನ್ನೂ ಬಸ್ಸು ಸಿಕ್ಲಿಲ್ಲ ಕಾಣ್ತದೆ ಮಾರಾಯ್ರೆ" ಎಂದು ನಗುತ್ತಾರೆ. ಅವರನ್ನು ಕಾಣಲು ಬಂದ ನನಗೆ ನಗು ಬರುವುದಿಲ್ಲ. ಚಹಾ ಬಗ್ಗಿಸುವಾಗ ಅವರು ಪಾತ್ರೆಯ ಮೂತಿಯನ್ನು ಲೋಟದ ಅಂಚಿಗೆ ತಾಗಿಸಿ ಹಿಡಿದದ್ದನ್ನು ಆಗಲೇ ಕಂಡಿದ್ದೇನೆ.

ಇವತ್ತು ಅರಂತೋಡಿನಿಂದ ಆಯಿಶತ್ ಶಿಫಾ ಬರುವವಳಿದ್ದಾಳೆ. ಏಳು ವರ್ಷದ ಹುಡುಗಿ. ಮೊದಲ ಸಲ ಮುಸುಕು ಕೊಟ್ಟು ಕಳಿಸಿದಾಗ ಅಜ್ಜಿ ರುಖಿಯಮ್ಮ ಅದನ್ನು ತಿಂಗಳುಗಟ್ಟಲೆ ಸೋಮಾರಿ ಕಣ್ಣಿಗೇ ಹಾಕಿಸಿದ್ದರು. "ಗಾಯ ಇದ್ದಲ್ಲಿಗೆ ಅಲ್ವಾ ಪಟ್ಟಿ ಕಟ್ಟುದು?" ಎಂದು ಅಜ್ಜಿ ಈಗಲೂ ಹೇಳುತ್ತಿರುತ್ತಾರಂತೆ. ವಾರಿಜಾಕ್ಷಿ ಬೈಯಲಿಲ್ಲ. ಅಂದಿನಿಂದ ಮುಸುಕಿನ ಜೊತೆ ಅದೇ ಬಟ್ಟೆಯ ಬಳೆಯೊಂದನ್ನೂ ಹೊಲಿಯುತ್ತಾರೆ. ಮುಚ್ಚಬೇಕಾದ ಕಣ್ಣು ಯಾವ ಬದಿಯೋ ಆ ಬದಿಯ ಕೈಗೆ ಬಳೆ. ಆದರೂ ಹೋದ ತಿಂಗಳುಗಳು ಹೋದವೇ.

ಕ್ಲಿನಿಕ್ಕಿನಲ್ಲಿ ಎರಡು ಕಿಂಡಿಯ ಪೆಟ್ಟಿಗೆಯೊಂದಿದೆ. ಒಂದು ಕಿಂಡಿಯಲ್ಲಿ ಗಿಳಿ, ಇನ್ನೊಂದರಲ್ಲಿ ಖಾಲಿ ಗೂಡು. ಎರಡು ಕಣ್ಣೂ ಕೂಡಿ ನೋಡಿದರೆ ಗಿಳಿ ಗೂಡಿನೊಳಗೆ ಕೂತಿರುತ್ತದೆ.

"ನನಗೆ ಗೂಡು ಮಾತ್ರ ಕಾಣುದು. ಈ ಕಣ್ಣು ಮುಚ್ಚಿದ್ರೆ ಗಿಳಿ. ಎರಡೂ ಒಟ್ಟಿಗೆ ಕಂಡದ್ದೇ ಇಲ್ಲ" ಎನ್ನುತ್ತಾರೆ ವಾರಿಜಾಕ್ಷಿ. "ಒಮ್ಮೊಮ್ಮೆ ಕನಸಲ್ಲಿ ಗಿಳಿ ಗೂಡಿನ ಹತ್ತಿರ ಬರ್ತದೆ. ಒಳಗೆ ಹೋಗುದಿಲ್ಲ."

ಕಳೆದ ಸಲ ಶಿಫಾ ಪೆಟ್ಟಿಗೆಗೆ ಮುಖ ಇಟ್ಟ ಕೂಡಲೇ, "ಉಂಟು, ಗೂಡೊಳಗೆ ಉಂಟು!" ಎಂದು ಕೂಗಿದ್ದಳು. ಪಕ್ಕದಲ್ಲಿ ಅಜ್ಜಿ ಅಳುತ್ತಿದ್ದರು, ಪಾಪ, ಆ ಅಳು ನೋಡಲಾಗದೆ ಮಗು ಹೇಳಿದ ಸುಳ್ಳು ಅದು. ವಾರಿಜಾಕ್ಷಿ ಅವಳ ತಲೆ ಸವರಿ, "ಮುಂದಿನ ಸಲ ನೋಡುವ" ಎಂದಿದ್ದರಂತೆ. ಸುಳ್ಳೆಂದು ಹೇಗೆ ಗೊತ್ತಾಯಿತು ಎಂದು ಕೇಳುತ್ತೇನೆ. "ನಿಜವಾಗಿ ಕಂಡ ಮಕ್ಕಳು ಕೂಡಲೇ ಮಾತಾಡುದಿಲ್ಲ."

ಹತ್ತು ಗಂಟೆಗೆ ಶಿಫಾ ಕ್ಲಿನಿಕ್ಕಿಗೆ ಬರುತ್ತಾಳೆ, ಬಲಗೈಯಲ್ಲಿ ಮಾಸಿದ ಮೀನಿನ ಬಳೆ. ಮುಸುಕು ತೆಗೆದು, ಕನ್ನಡಕ ಸರಿಮಾಡಿ, ಪೆಟ್ಟಿಗೆಗೆ ಬಾಗುತ್ತಾಳೆ. ರುಖಿಯಮ್ಮ ತಲೆಗೆ ಹೊದ್ದ ಬಟ್ಟೆಯ ಅಂಚನ್ನು ಬಿಗಿಹಿಡಿದಿದ್ದಾರೆ.

"ಎಂತ ಕಾಣ್ತದೆ ಮಗಾ?" ಎಂದು ವಾರಿಜಾಕ್ಷಿ ಕೇಳುತ್ತಾರೆ.

ಶಿಫಾ ಮಾತಾಡುವುದಿಲ್ಲ. ಬಾಯಿ ಮೆಲ್ಲಗೆ ತೆರೆದುಕೊಳ್ಳುತ್ತದೆ. ಎಷ್ಟೋ ಹೊತ್ತಾದ ಮೇಲೆ ಅವಳ ಪುಟ್ಟ ಕೈ ಮುಂದೆ ಹೋಗಿ, ಗಾಳಿಯಲ್ಲಿ, ಇಲ್ಲದ ಬಾಗಿಲೊಂದನ್ನು ಸದ್ದಾಗದಂತೆ ಮುಚ್ಚುತ್ತದೆ.

ವಾರಿಜಾಕ್ಷಿ ಅಜ್ಜಿಯ ಕಡೆ ತಿರುಗುತ್ತಾರೆ.

"ಹೋಯ್ತು ಅಮ್ಮಾ. ಒಳಗೆ ಹೋಯ್ತು."